ವಿರಾಮದ ವೇಳೆ: ಹರಳೂ ಅದರ ಚೀಟಿಯೂ

ರಸ್ತೆಯ ಜಲ್ಲಿಗಾಗಿ ಒಡೆಯುವ ಕಪ್ಪುಕಲ್ಲಿನ ಪೊಳ್ಳುಗಳಲ್ಲಿ ಹಾಲುಬಿಳುಪಿನ ಅಥವಾ ನಸುಗೆಂಪು ಛಾಯೆಯ ಹರಳುಗಳು ಅಡಗಿರುವುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಇವುಗಳಲ್ಲಿ ಅನೇಕವು ಜಿಯೋಲೈಟ್ ಎಂಬ ಖನಿಜವರ್ಗಕ್ಕೆ ಸೇರಿದವು. ಇವುಗಳನ್ನು ಕೂಡಿಡುವ ಹವ್ಯಾಸವು ಹಿರಿಯರಿಗೂ ಮಕ್ಕಳಿಗೂ ಸಮಾನವಾಗಿ ಒಪ್ಪುವಂಥದಾದುದರಿಂದ, ಈ ತಿಂಗಳು ಅದರ ವಿಷಯವಾಗಿ ನಾಲ್ಕು ಮಾತು ಬರೆಯುವೆವು.

1756ರಲ್ಲಿ ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ಖನಿಜಶಾಸ್ತ್ರಜ್ಞನು ಇಂಥ ಕಲ್ಲೊಂದನ್ನು ಉರಿಯಲ್ಲಿ ಕಾಯಿಸಲು, ಒಳಗಿದ್ದ ನೀರು ಆವಿಯಾಗಿ ಕಲ್ಲು ಕುದಿಯುವಂತೆ ತೋರಿತು. ಅದರಿಂದಲೇ ಗ್ರೀಕ್ ಭಾಷೆಯಲ್ಲಿ ಕುದಿಯುವ ಕಲ್ಲೆಂಬ ಅರ್ಥದ ಈ ಹೆಸರು ಬಂದಿತು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾರಸವು ಆರುವಾಗ ಅದರಲ್ಲಿ ಅನಿಲದ ಗುಳ್ಳೆಗಳು ಉಳಿದವು. ಮುಂದೆ ಖನಿಜಗಳು ಕರಗಿದ್ದ ನೀರು ಆ ಗುಳ್ಳೆಗಳಲ್ಲಿ ಇಳಿದು ಹರಳುಗಟ್ಟಿತು. ಪುಣೆ, ನಾಸಿಕ, ಜಳಗಾವ್ ಸೀಮೆಗಳ ಕಲ್ಲುಗಣಿಗಳು ಇದಕ್ಕೆ ಲೋಕಪ್ರಸಿದ್ಧವಾದವು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲಿಯೂ ಈ ಶಿಲೆಯು ಹರಡಿರುವುದು.

ಹರಳು ಕೈಸೇರಿದೊಡನೆ ತೊಳೆಯುವುದಕ್ಕಿಂತ ಮೊದಲು ಬರೆಯತಕ್ಕದ್ದು. ಯಾವ ಊರು, ಗಣಿಯೋ ಬಾವಿಯೋ, ಎಷ್ಟು ಆಳ, ಯಾವ ದಿನ, ಕೊಟ್ಟವರು ಯಾರು, ಇಷ್ಟನ್ನು ಚೀಟಿಯಲ್ಲಿ ಬರೆದು, ಕಲ್ಲಿನ ಅಡಿಯಲ್ಲಿ ಸಣ್ಣದೊಂದು ಸಂಖ್ಯೆಯನ್ನು ಹಾಕಿ, ಅದೇ ಸಂಖ್ಯೆಯನ್ನು ಪುಸ್ತಕದಲ್ಲಿಯೂ ದಾಖಲಿಸಬೇಕು. ಖನಿಜದ ಹೆಸರನ್ನು ತಿಳಿದವರು ನಾಳೆ ಹೇಳಿಯಾರು. ಹುಟ್ಟಿದ ಊರನ್ನು ಕಲ್ಲೇ ಹೇಳಲಾರದು. ಸ್ಟಿಲ್ಬೈಟ್ ಎಂಬ ಹರಳು ಪುಣೆಯಲ್ಲಿಯೂ ಉಂಟು, ಐಸ್‌ಲೆಂಡಿನಲ್ಲಿಯೂ ಉಂಟು. ಅಮೆರಿಕದ ಆರೆಗಾನ್ ಪ್ರಾಂತದ ಮಾದರಿಗಳಿಂದ 1973ರಲ್ಲಿ ವರ್ಣಿತವಾದ ಕ್ಯಾವನ್‌ಸೈಟ್ ಎಂಬ ನೀಲಿ ಖನಿಜವು ಬಳಿಕ ಪುಣೆಯ ಬಳಿಯ ವಾಘೋಲಿಯಲ್ಲಿ ಅತ್ಯುತ್ತಮವಾಗಿ ದೊರೆಯಿತು. ಆ ಚಿಕ್ಕ ಊರಿನ ಹೆಸರು ದೂರದೇಶಗಳ ಸಂಗ್ರಹಾಲಯಗಳನ್ನು ಸೇರಿದುದು ಚೀಟಿಗಳ ಮೂಲಕವೇ. ಇದು ಜಿಯೋಲೈಟಿನ ಸಂಗಡ ದೊರೆಯುವುದೇ ಹೊರತು ಜಿಯೋಲೈಟಲ್ಲ. ಅಪೊಫಿಲೈಟ್, ಓಕೆನೈಟ್‌ಗಳೂ ಹಾಗೆಯೇ. ಚೀಟಿಯಲ್ಲಿ ಇಂಥ ಭೇದವನ್ನು ಮರೆಯಬಾರದು.

ತೊಳೆಯುವುದಕ್ಕೆ ತಣ್ಣೀರೂ ಮೃದುವಾದ ಕುಂಚವೂ ಸಾಕು. ಆಮ್ಲವು ಹಲವು ಜಿಯೋಲೈಟುಗಳನ್ನು ಕೆಡಿಸುವುದರಿಂದ ಅದನ್ನು ಮುಟ್ಟಲಾಗದು. ಓಕೆನೈಟಿನ ಹತ್ತಿಯಂಥ ಎಳೆಗಳನ್ನು ಬೆರಳಿನಿಂದಲೂ ಸೋಕಬಾರದು. ಲಾಮಾಂಟೈಟ್ ಒಣಗಾಳಿಯಲ್ಲಿ ನೀರನ್ನು ಕಳೆದುಕೊಂಡು ಪುಡಿಯಾಗುವುದು. ಬಣ್ಣ ಹಾಕಿದ ಓಕೆನೈಟನ್ನು ಮಾರುವವರೂ ಇರುವುದರಿಂದ ಕೊಳ್ಳುವವರು ಎಚ್ಚರದಿಂದಿರಬೇಕು. ಗಣಿಯೊಳಕ್ಕೆ ಒಡೆಯರ ಅಪ್ಪಣೆಯಿಲ್ಲದೆ ಹೋಗಲಾಗದು. ಸಿಡಿಮದ್ದು ಹಾರಿಸುವ ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ಯಲೇಬಾರದು. ಅಲ್ಲಿ ದುಡಿಯುವವರು ತೆಗೆದಿರಿಸಿದ ಹರಳಿಗೆ ನ್ಯಾಯವಾದ ಬೆಲೆ ಕೊಡುವುದು ಧರ್ಮ.

ಗಣಿಗಳು ಶಾಶ್ವತವಲ್ಲ. ಇಂದು ಹರಳು ಕೊಟ್ಟ ಕುಳಿಯಲ್ಲಿ ನಾಳೆ ನೀರು ನಿಲ್ಲುವುದು, ಇಲ್ಲವೆ ಅದರ ಮೇಲೆ ಮನೆಗಳೇಳುವುವು. ಉಳಿದ ಕಲ್ಲೆಲ್ಲ ಜಲ್ಲಿಯಾಗಿ ರಸ್ತೆ ಸೇರಿರುವುದು. ಆಗ ಆ ಸ್ಥಳದ ಸಾಕ್ಷಿಯಾಗಿ ಉಳಿಯುವುದು ಯಾರದೋ ಮನೆಯ ಬೀರುವಿನಲ್ಲಿರುವ ಒಂದು ಹರಳು ಮಾತ್ರ. ಚೀಟಿಯಿದ್ದರೆ ಯಜಮಾನರ ಕಾಲಾನಂತರ ಅದನ್ನು ಕಾಲೇಜಿನವರು ಸಂತೋಷದಿಂದ ಸ್ವೀಕರಿಸಿಯಾರು. ಚೀಟಿಯಿಲ್ಲದಿದ್ದರೆ ಮೊಮ್ಮಕ್ಕಳು ಅದನ್ನು ಹಿತ್ತಿಲಿಗೆ ಎಸೆದರೂ ಅವರನ್ನು ದೂಷಿಸುವಂತಿಲ್ಲ. ಈಗಾಗಲೇ ಹರಳುಗಳನ್ನು ಕೂಡಿಟ್ಟಿರುವ ವಾಚಕರು, ನೆನಪು ಮಾಸುವ ಮೊದಲೇ, ಈ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆ ಕೆಲಸವನ್ನು ಮುಗಿಸಬೇಕೆಂದು ಬೇಡುವೆವು.