ಬೆಂಗಳೂರಿನ ‘ನಂಬರ್ ಒನ್’ ಕಾಫಿ ಎಲ್ಲಿದೆ? ಸ್ಟಾರ್ ನೋಡಿ ನಂಬುವ ಮುನ್ನ ಇದನ್ನು ಓದಿ

ಭಟ್ಕಳ, ಹೊನ್ನಾವರ ಅಥವಾ ಕುಮಟಾದಲ್ಲಿ ಸಂಜೆ ಬಸ್ಸು ಹತ್ತಿದರೆ ಬೆಳಗಾಗುವಾಗ ಬೆಂಗಳೂರು. ಇಂಟರ್‌ವ್ಯೂ ಇರಲಿ, ಆಸ್ಪತ್ರೆ ಇರಲಿ, ಮಗಳನ್ನು ಪಿಜಿಗೆ ಬಿಟ್ಟು ಬರುವ ಕೆಲಸವಿರಲಿ, ಇಳಿದ ಕೂಡಲೇ ಮೊದಲು ಬೇಕಾಗುವುದು ಒಂದು ಒಳ್ಳೆಯ ಕಾಫಿ. ಫೋನ್ ತೆಗೆದರೆ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಕಳಿಸಿದ ‘ಬೆಂಗಳೂರಿನ ಟಾಪ್ 10 ಕಾಫಿ’ ಪಟ್ಟಿ ಸಿದ್ಧವಾಗಿರುತ್ತದೆ. ಜೊತೆಗೆ ಮ್ಯಾಪ್‌ನಲ್ಲಿ 4.8, 4.9 ಎಂಬ ಸ್ಟಾರ್‌ಗಳು.

ಈ ಪಟ್ಟಿಯನ್ನು ಮಾಡಿದವರು ಯಾರು? ಯಾವ ವರ್ಷ ಮಾಡಿದ್ದು? ಅವರು ಆ ಹತ್ತೂ ಕಡೆ ಕಾಫಿ ಕುಡಿದಿದ್ದಾರೆಯೇ? ಫಾರ್ವರ್ಡ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಕಾಫಿ ಚೆನ್ನಾಗಿಲ್ಲದಿದ್ದರೆ ಹೋಗುವುದು ಒಂದಿಷ್ಟು ರೂಪಾಯಿ, ಅಷ್ಟೇ ತಾನೇ ಎನ್ನಬಹುದು. ಆದರೆ ಇದೇ ಸ್ಟಾರ್‌ಗಳ ಹಿಂದೆ ನಮ್ಮ ಊರಿನ ಹುಡುಗರ ಬ್ಯಾಂಕ್ ಖಾತೆ ಖಾಲಿ ಮಾಡುವ ಜಾಲವೂ ಇದೆ. ಮೊದಲು ಅದನ್ನೇ ನೋಡೋಣ.

ಸ್ಟಾರ್ ಕೊಟ್ಟವರು ಕಾಫಿ ಕುಡಿದಿದ್ದಾರೆಯೇ?

ಹೊನ್ನಾವರದಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಿ.ಕಾಂ ಮುಗಿಸಿ ಕೆಲಸ ಹುಡುಕುತ್ತಿದ್ದ. ಒಂದು ದಿನ ಫೋನ್ ಮಾಡಿ, “ಅಕ್ಕಾ, ಮನೇಲೇ ಕೂತು ಮಾಡೋ ಕೆಲಸ ಸಿಕ್ತು. ಹೋಟೆಲ್‌ಗಳಿಗೆ ಸ್ಟಾರ್ ಕೊಟ್ರೆ ಸಾಕು, ದುಡ್ಡು ಹಾಕ್ತಾರೆ” ಎಂದ. “ಯಾವ ಹೋಟೆಲ್?” ಎಂದು ಕೇಳಿದೆ. “ಬೆಂಗಳೂರಿನ ಒಂದು ಕೆಫೆ. ನಾನೆಲ್ಲಿ ನೋಡಿದ್ದೇನೆ?” ಎಂದು ನಕ್ಕ. ಮೊದಲ ದಿನ ಖಾತೆಗೆ 150 ರೂಪಾಯಿ ಬಂದಿತ್ತು. ಆಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸಿ, ‘ಮೊದಲು ದುಡ್ಡು ಕಟ್ಟಿ, ಹೆಚ್ಚು ಲಾಭ ಪಡೆಯಿರಿ’ ಎಂಬ ಟಾಸ್ಕ್ ಕೊಟ್ಟರು. ಸ್ಕ್ರೀನ್ ಮೇಲೆ ಲಾಭ ಏರುತ್ತಲೇ ಇತ್ತು. ತೆಗೆಯಲು ಹೋದಾಗ ‘ಟ್ಯಾಕ್ಸ್ ಕಟ್ಟಿ’ ಎಂದರು. ಒಟ್ಟು ಹನ್ನೆರಡು ಸಾವಿರ ಹೋಯಿತು.

ಇದು ಅವನೊಬ್ಬನ ಕಥೆಯಲ್ಲ. ಇಂಥ ‘ಟಾಸ್ಕ್’ ಮತ್ತು ಪಾರ್ಟ್‌ಟೈಮ್ ಕೆಲಸದ ವಂಚನೆಗೆ ಬಳಕೆಯಾಗುತ್ತಿದ್ದ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. ಲೈಕ್ ಕೊಡಿಸುವುದು, ರೇಟಿಂಗ್ ಹಾಕಿಸುವುದು ಇಲ್ಲಿ ಬರೀ ಗಾಳ. ಮೊದಲು ಬರುವ ನೂರಿನ್ನೂರು ರೂಪಾಯಿಯೇ ಗಾಳಕ್ಕೆ ಸಿಕ್ಕಿಸಿದ ಸಿಗಡಿ.

ಅಂದರೆ ಬೆಂಗಳೂರಿನ ಕೆಫೆಯೊಂದಕ್ಕೆ ಬಿದ್ದ ಐದು ಸ್ಟಾರ್, ಶರಾವತಿ ದಂಡೆಯ ಮನೆಯ ಜಗುಲಿಯಲ್ಲಿ ಕೂತ ಹುಡುಗ ಒತ್ತಿದ್ದಾಗಿರಬಹುದು. ಆ ಕೆಫೆಯವರಿಗೇ ಅದು ಗೊತ್ತಿಲ್ಲದಿರಬಹುದು.

ಸುಳ್ಳು ರಿವ್ಯೂ ಎಷ್ಟು ದೂರ ಹೋಗಬಲ್ಲದು?

2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬ ಪತ್ರಕರ್ತ ತಾನು ವಾಸವಿದ್ದ ಹಿತ್ತಲ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿದ. ಅಲ್ಲಿ ಅಡುಗೆಮನೆಯೂ ಇರಲಿಲ್ಲ, ಊಟವೂ ಇರಲಿಲ್ಲ. ಸ್ನೇಹಿತರಿಂದ ಸುಳ್ಳು ರಿವ್ಯೂ ಬರೆಸಿದ. ಕೆಲವೇ ತಿಂಗಳಲ್ಲಿ ಅದು ಇಡೀ ಲಂಡನ್ನಿನ ನಂಬರ್ ಒನ್ ರೆಸ್ಟೋರೆಂಟ್ ಆಯಿತು! ಟೇಬಲ್ ಬುಕ್ ಮಾಡಲು ಜನ ಫೋನ್ ಮಾಡತೊಡಗಿದರು.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳನ್ನು ಅಧ್ಯಯನ ಮಾಡಿದ ಹಾರ್ವರ್ಡ್‌ನ ಮೈಕೆಲ್ ಲೂಕಾ, ಯೆಲ್ಪ್‌ನಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು 2011ರಲ್ಲಿ ತೋರಿಸಿದರು. ಸ್ಟಾರ್‌ಗೆ ಬೆಲೆ ಇದ್ದಮೇಲೆ ಅದನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. 2023ರ ಒಂದೇ ವರ್ಷದಲ್ಲಿ ನಿಯಮ ಮೀರಿದ 17 ಕೋಟಿಗೂ ಹೆಚ್ಚು ರಿವ್ಯೂಗಳನ್ನು ತಡೆದಿದ್ದೇವೆ ಅಥವಾ ತೆಗೆದಿದ್ದೇವೆ ಎಂದು ಗೂಗಲ್ ಸ್ವತಃ ಹೇಳಿದೆ. ನಮ್ಮಲ್ಲಿಯೂ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಪ್ರಕಟಿಸಬಾರದು ಎನ್ನುವುದು ಅದರ ಒಂದು ಮುಖ್ಯ ಅಂಶ. ಆದರೆ ಅದನ್ನು ತಂದದ್ದು ಸ್ವಯಂಪ್ರೇರಿತ ಪಾಲನೆಗಾಗಿ.

ಹಾಗಾದರೆ ಎಲ್ಲ ಸ್ಟಾರ್‌ಗಳೂ ಸುಳ್ಳೇ?

ಅಲ್ಲ. ಬಹಳಷ್ಟು ಜನ ನಿಜವಾಗಿ ಕುಡಿದೇ ಬರೆಯುತ್ತಾರೆ. ಆದರೆ ಮೂರು ವಿಷಯ ನೆನಪಿರಲಿ.

ಒಂದು, ಬರೆಯುವವರು ಯಾರು? ತುಂಬ ಖುಷಿಯಾದವರು ಮತ್ತು ತುಂಬ ಸಿಟ್ಟು ಬಂದವರು. ದಿನಾ ಬಂದು, ಕಾಫಿ ಕುಡಿದು, ಚಿಲ್ಲರೆ ಇಟ್ಟು ಹೋಗುವವರು ರಿವ್ಯೂ ಬರೆಯುವುದು ಅಪರೂಪ.

ಎರಡು, ಎಷ್ಟು ಜನ ಬರೆದಿದ್ದಾರೆ? 12 ಜನರು ಕೊಟ್ಟ 4.9ಕ್ಕಿಂತ 8,000 ಜನರು ಕೊಟ್ಟ 4.3 ಹೆಚ್ಚು ಗಟ್ಟಿ. 12 ಜನ ಎಂದರೆ ಮಾಲೀಕರ ಅಣ್ಣತಮ್ಮಂದಿರು, ಭಾವಂದಿರು ಸೇರಿದರೂ ಆಗುವ ಲೆಕ್ಕ.

ಮೂರು, ಸ್ಟಾರ್ ಯಾವುದಕ್ಕೆ? ಎಸಿ, ಪಾರ್ಕಿಂಗ್, ವೈಫೈ, ಫೋಟೊ ತೆಗೆಯಲು ಚಂದದ ಗೋಡೆ ಎಲ್ಲಕ್ಕೂ ಸೇರಿ ಒಂದೇ ಸ್ಟಾರ್. ಲೋಟದೊಳಗಿನ ಕಾಫಿಗೆ ಎಷ್ಟು ಅಂಕ ಎಂದು ಅದು ಹೇಳುವುದಿಲ್ಲ.

ಮ್ಯಾಪ್‌ನಲ್ಲಿ ‘ಹತ್ತಿರದ ಕಾಫಿ’ ಎಂದು ಹುಡುಕಿದಾಗ ಮೊದಲು ಬರುವುದು ಅತ್ಯುತ್ತಮ ಅಂಗಡಿಯೇ ಆಗಿರಬೇಕೆಂದಿಲ್ಲ. ನೀವು ಹುಡುಕಿದ್ದಕ್ಕೆ ಅದು ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಪ್ರಸಿದ್ಧ ಎಂಬ ಮೂರನ್ನು ನೋಡಿ ಗೂಗಲ್ ಪಟ್ಟಿ ಮಾಡುತ್ತದೆ. ಜಾಹೀರಾತು ಬೇರೆ.

ಊರಿನಲ್ಲಿ ನಾವು ಹೇಗೆ ಕಂಡುಹಿಡಿಯುತ್ತೇವೆ?

ಕುಮಟಾದಲ್ಲಿ ಒಳ್ಳೆಯ ಚಾ, ಕಾಫಿ ಎಲ್ಲಿ ಸಿಗುತ್ತದೆಂದು ಯಾರೂ ಮ್ಯಾಪ್ ನೋಡುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ದಿನಾ ಬರುವವರು ಅದೇ ಅಂಗಡಿಕಾರರು, ಅದೇ ಆಟೊದವರು, ಅದೇ ಮೇಷ್ಟ್ರು. ಇವತ್ತು ಕಾಫಿ ನೀರಾದರೆ ನಾಳೆ ಅವರು ಪಕ್ಕದ ಹೋಟೆಲಿಗೆ ಹೋಗುತ್ತಾರೆ. ಮಾಲೀಕರಿಗೆ ಅದು ಗೊತ್ತು. ಹೆದ್ದಾರಿ 66ರ ಬದಿಯಲ್ಲಿ ಪ್ರವಾಸಿ ಬಸ್ಸು ನಿಲ್ಲುವ ಹೋಟೆಲಿನ ಲೆಕ್ಕ ಬೇರೆ. ಅಲ್ಲಿ ಇವತ್ತು ಕುಡಿದವರು ಮತ್ತೆ ಬರುವುದು ಯಾವಾಗಲೋ. ಕಾಫಿ ಹೇಗಿದ್ದರೂ ನಾಳೆ ಇನ್ನೊಂದು ಬಸ್ಸು ಬರುತ್ತದೆ. ಅಲ್ಲಿಯೂ ಒಳ್ಳೆಯ ಕಾಫಿ ಇರಬಹುದು, ಆದರೆ ಕೆಟ್ಟ ಕಾಫಿಗೆ ಶಿಕ್ಷೆ ಇಲ್ಲ.

ದೊಡ್ಡ ನಗರಕ್ಕೂ ಇದೇ ಸೂತ್ರ ಹಿಡಿಯಬಹುದು. ಒಮ್ಮೆ ಮಾತ್ರ ಬರುವ ಗಿರಾಕಿಗಳ ಜಾಗ ಬಿಟ್ಟು, ಮತ್ತೆ ಮತ್ತೆ ಬರುವ ಗಿರಾಕಿಗಳ ಜಾಗ ಹುಡುಕಿ. ಹಳೆಯ ಬಡಾವಣೆ, ಮಾರುಕಟ್ಟೆ, ಕೋರ್ಟು, ಕಚೇರಿಗಳ ಸುತ್ತಮುತ್ತ ಬೆಳಿಗ್ಗೆ ನಿಂತು ಕುಡಿಯುವವರನ್ನು ನೋಡಿ. ಕೇಳುವ ಮೊದಲೇ ಕ್ಯಾಷಿಯರ್ “ಎರಡು ಕಾಫಿ ತಾನೇ?” ಎಂದರೆ ಅದು ಯಾವ ಸ್ಟಾರ್‌ಗಿಂತಲೂ ದೊಡ್ಡ ಸರ್ಟಿಫಿಕೇಟ್.

ಬೆಂಗಳೂರಿನ ಹಳೆಯ ಹೆಸರುಗಳು ಬೆಳೆದದ್ದೂ ಹೀಗೆಯೇ. ಎಂಟಿಆರ್ ಶುರುವಾದದ್ದು 1924ರಲ್ಲಿ. ಬಸವನಗುಡಿಯ ವಿದ್ಯಾರ್ಥಿ ಭವನ 1943ರದ್ದು, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಕಾಫಿ ಬೋರ್ಡ್ ನಡೆಸುತ್ತಿದ್ದ ಕಾಫಿ ಹೌಸ್‌ಗಳು ಮುಚ್ಚತೊಡಗಿದಾಗ ಕೆಲಸಗಾರರು 1957ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಇಂಡಿಯನ್ ಕಾಫಿ ಹೌಸ್ ಉಳಿಸಿಕೊಂಡರು. ಎಂ.ಜಿ. ರಸ್ತೆಯಲ್ಲಿದ್ದ ಅದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಮ್ಯಾಪ್, ಸ್ಟಾರ್ ಯಾವುದೂ ಇಲ್ಲದ ಕಾಲದಲ್ಲಿ ಇವನ್ನು ಸಾಕಿದ್ದು ದಿನನಿತ್ಯದ ಗಿರಾಕಿಗಳು. ‘ಹಾಗಾಗಿ ಇಲ್ಲಿಗೇ ಹೋಗಿ’ ಎಂದು ನಾವು ಹೇಳುತ್ತಿಲ್ಲ. ಪ್ರಸಿದ್ಧ ಹೋಟೆಲುಗಳಿಗೆ ಈಗ ಒಮ್ಮೆ ನೋಡಿಹೋಗುವವರೂ ಸಾಲುಗಟ್ಟಿ ಬರುತ್ತಾರೆ. ಸೂತ್ರವನ್ನು ಅಲ್ಲಿಗೂ ಅನ್ವಯಿಸಿ ನೋಡಿ.

ಲೋಟದೊಳಗಿನ ಮಿಥ್ಯೆಗಳು

*‘ಚಿಕೋರಿ ಹಾಕಿದರೆ ಕಲಬೆರಕೆ.’* ತಪ್ಪು. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಸೇರಿಸುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಗಾಢ ಬಣ್ಣ, ಮಂದತೆ ಬರುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕು, ಎರಡೂ ಎಷ್ಟೆಷ್ಟು ಎಂದು ಪ್ಯಾಕೆಟ್ ಮೇಲೆ ಬರೆದಿರಬೇಕು. ಹೇಳದೆ ಸೇರಿಸಿ ‘ಶುದ್ಧ ಕಾಫಿ’ ಎಂದು ಮಾರಿದರೆ ಮಾತ್ರ ಮೋಸ. ಅದನ್ನು ಮನೆಯಲ್ಲೇ ನೋಡಬಹುದು. ಒಂದು ಗ್ಲಾಸ್ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ಪುಡಿ ತೇಲುತ್ತದೆ, ಚಿಕೋರಿ ಬೇಗ ಮುಳುಗುತ್ತಾ ಕಂದು ಬಣ್ಣದ ಗೆರೆ ಬಿಡುತ್ತದೆ. ಚಿಕೋರಿ ಇದೆಯೋ ಇಲ್ಲವೋ ಎಂಬುದು ಇದರಿಂದ ತಿಳಿಯುತ್ತದೆ, ಎಷ್ಟಿದೆ ಎಂಬುದಲ್ಲ.

*‘ಕಪ್ಪಗಿದ್ದರೆ ಸ್ಟ್ರಾಂಗ್, ಸ್ಟ್ರಾಂಗ್ ಇದ್ದರೆ ಕೆಫೀನ್ ಜಾಸ್ತಿ.’* ತಪ್ಪು. ಬೀಜವನ್ನು ಕಪ್ಪಗೆ ಹುರಿದರೆ ಕಹಿ ಹೆಚ್ಚುತ್ತದೆ, ಕೆಫೀನ್ ಹೆಚ್ಚುವುದಿಲ್ಲ. ಕೆಫೀನ್ ನಿಂತಿರುವುದು ಮುಖ್ಯವಾಗಿ ಬೀಜದ ಜಾತಿ ಮತ್ತು ಪುಡಿಯ ಪ್ರಮಾಣದ ಮೇಲೆ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಅದು ಹೆಚ್ಚೂಕಡಿಮೆ ಎರಡು ಪಟ್ಟು.

*‘ನೊರೆ ಹೆಚ್ಚಿದ್ದರೆ ಒಳ್ಳೆಯ ಕಾಫಿ.’* ಹಾಗೇನಿಲ್ಲ. ಎತ್ತರದಿಂದ ಸುರಿದಾಗ ಗಾಳಿ ಸೇರಿ, ಹಾಲಿನ ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡು ನೊರೆಯಾಗುತ್ತದೆ. ಅದು ಕೈಚಳಕ, ಕಾಫಿಯ ಗುಣವಲ್ಲ.

*‘ದುಬಾರಿಯಾದರೆ ಉತ್ತಮ.’* ಬೆಲೆಯಲ್ಲಿ ಬಾಡಿಗೆ, ಎಸಿ, ಎರಡು ಗಂಟೆ ಕೂರುವ ಕುರ್ಚಿ ಎಲ್ಲವೂ ಇದೆ. ಹೊಸ ಕೆಫೆಗಳಲ್ಲಿ ತಿಳಿಯಾಗಿ ಹುರಿದ ಅರೇಬಿಕಾ ಕೊಡುತ್ತಾರೆ. ಕಷಾಯ, ಹಾಲಿನ ಕಾಫಿಗೆ ಒಗ್ಗಿದ ನಮ್ಮ ನಾಲಿಗೆಗೆ ಅದು ಹುಳಿ ಅನಿಸಬಹುದು. ಕಾಫಿ ಕೆಟ್ಟಿಲ್ಲ, ಅದರ ರುಚಿಯೇ ಹಾಗೆ. ಹಿಡಿಸದಿದ್ದರೆ ನಿಮಗೆ ‘ಟೇಸ್ಟ್ ಇಲ್ಲ’ ಎಂದೂ ಅರ್ಥವಲ್ಲ.

ನಿಜಕ್ಕೂ ರುಚಿ ನಿರ್ಧರಿಸುವುದು ತಾಜಾತನ. ಪುಡಿ ಮಾಡಿದ ಕೂಡಲೇ ಕಾಫಿಯ ಪರಿಮಳ ಹಾರಿಹೋಗಲು ಶುರುವಾಗುತ್ತದೆ. ಇಳಿಸಿದ ಡಿಕಾಕ್ಷನ್ ಬಿಸಿಯ ಮೇಲೆ ಗಂಟೆಗಟ್ಟಲೆ ಕೂತರೆ ಕಹಿಯಾಗುತ್ತದೆ. ಜನಸಂದಣಿಯ ಹೊತ್ತಿನಲ್ಲಿ ಡಿಕಾಕ್ಷನ್ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಬೆಳಿಗ್ಗೆ ಏಳಕ್ಕೆ ಅದ್ಭುತವಾಗಿದ್ದ ಕಾಫಿ ಮಧ್ಯಾಹ್ನ ಮೂರಕ್ಕೆ ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ

- ರಿವ್ಯೂಗಳನ್ನು ‘ಹೊಸದು ಮೊದಲು’ ಎಂದು ಜೋಡಿಸಿ. ಎರಡು, ಮೂರು, ನಾಲ್ಕು ಸ್ಟಾರ್‌ನವರು ಬರೆದದ್ದನ್ನು ಓದಿ. ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳುವವರು ಹೆಚ್ಚಾಗಿ ಅಲ್ಲೇ ಸಿಗುತ್ತಾರೆ.
- ರಿವ್ಯೂಗಳ ಒಳಗೆ ‘ಫಿಲ್ಟರ್ ಕಾಫಿ’, ‘ಡಿಕಾಕ್ಷನ್’ ಎಂದು ಹುಡುಕಿ. ಗಿರಾಕಿಗಳು ಹಾಕಿದ ಮೆನು, ಬಿಲ್ಲಿನ ಫೋಟೊ ನೋಡಿ.
- ಒಂದೇ ವಾರದಲ್ಲಿ, ಒಂದೇ ಧಾಟಿಯಲ್ಲಿ ಬಿದ್ದ ಹತ್ತಾರು ಐದು ಸ್ಟಾರ್ ಕಂಡರೆ ಅನುಮಾನಿಸಿ. ಬರೆದವರ ಹೆಸರು ಒತ್ತಿ. ಒಂದೇ ದಿನ ಕಾರವಾರ, ಕೋಲ್ಕತ್ತ, ಜೈಪುರದ ಹೋಟೆಲುಗಳಿಗೆಲ್ಲ ಸ್ಟಾರ್ ಕೊಟ್ಟವರು ಅವನ್ನೆಲ್ಲ ನೋಡಿರುವುದು ಸಾಧ್ಯವೇ?
- ಮೊದಲ ಸಲ ಬೈಟು ಹೇಳಿ. ಅರ್ಧ ಲೋಟದಲ್ಲಿ ತಿಳಿಯದ್ದು ಪೂರ್ತಿ ಲೋಟದಲ್ಲೂ ತಿಳಿಯುವುದಿಲ್ಲ.
- ಸ್ಟಾರ್ ಕೊಟ್ಟರೆ ದುಡ್ಡು ಎಂಬ ಮೆಸೇಜ್ ಬಂದರೆ ಉತ್ತರಿಸಬೇಡಿ, ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನನ್ನ ತಮ್ಮ ನಾಚಿಕೆಯಿಂದ ಮನೆಯಲ್ಲಿ ಹೇಳದೆ ಐದು ದಿನ ಕಳೆದುಬಿಟ್ಟ. ಹಣಕ್ಕಿಂತ ಆ ಐದು ದಿನ ನುಂಗಿಕೊಂಡದ್ದೇ ಅವನಿಗೆ ಹೆಚ್ಚು ಕಷ್ಟವಾಗಿತ್ತು. ನಿಮ್ಮ ಮನೆಯಲ್ಲಿ ಹೀಗಾದರೆ ಮೊದಲು ಬೈಯಬೇಡಿ, ಫೋನ್ ಹಚ್ಚಿ.

ಇನ್ನು ಫಾರ್ವರ್ಡ್ ವಿಷಯ. ‘ಟಾಪ್ 10’ ಪಟ್ಟಿ ಬಂದರೆ ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: “ನೀವು ಕುಡಿದಿದ್ದೀರಾ?” ನೀವೇ ಕುಡಿದಿದ್ದರೆ ಹತ್ತು ಹೆಸರು ಬೇಡ, ಒಂದು ಸಾಕು. ಯಾವ ಜಾಗ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ರೂಪಾಯಿ, ಸಕ್ಕರೆ ಮೊದಲೇ ಹಾಕುತ್ತಾರೋ ಇಲ್ಲವೋ ಎಂದು ಎರಡು ಸಾಲು ಬರೆದು ಗ್ರೂಪಿಗೆ ಹಾಕಿ. ನಾಳೆ ಬೆಳಿಗ್ಗೆ ಬಸ್ಸಿಳಿಯುವ ನಿಮ್ಮೂರಿನವರಿಗೆ ಅದು ಉಪಯೋಗಕ್ಕೆ ಬರುತ್ತದೆ.