ಕಪ್ಪಾದ ಪ್ಲಗ್ಗು ಹೇಳುವ ಮಾತು



ದೇವರ ಹಿಪ್ಪರಗಿಯ ಸುತ್ತಲಿನ ಹೊಲಗಳಲ್ಲಿ ತೊಗರಿಯ ರಾಶಿ ನಡೆದಿದ್ದ ದಿನಗಳಲ್ಲಿ, ಪರಿಚಯದ ಒಕ್ಕಲು ಮನೆತನದ ತರುಣನೊಬ್ಬನು ತನ್ನ ಮೋಟಾರ್ ಸೈಕಲ್ಲನ್ನು ನೂಕಿಕೊಂಡು ನಮ್ಮ ಅಂಗಳಕ್ಕೆ ಬಂದನು. "ಅಜ್ಜಾರ, ತಿಂಗಳದಾಗ ಮೂರು ಪ್ಲಗ್ ಹಾಕ್ಸೀನ್ರಿ. ಈಗ ಇಂಜಿನ್ನಾ ಬಿಚ್ಚಬೇಕು ಅಂತಾರ್ರಿ" ಎಂದನು. ಇಂಜಿನ್ ಬಿಚ್ಚಿಸುವುದಕ್ಕೆ ಮಗಳ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟ ಹಣವನ್ನೇ ಮುರಿಯಬೇಕಾಗಿತ್ತು.

ಹಲವು ವರ್ಷ ದ್ವಿಚಕ್ರ ವಾಹನದ ಮೇಲೆಯೇ ಊರೂರು ತಿರುಗಿದ ನಮಗೆ ಈ ಸಂಕಟ ಹೊಸದಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಬದಲು ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಆದರೂ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಬೈಕುಗಳು ಕಡಿಮೆಯಲ್ಲ. ಆದ್ದರಿಂದ ಈ ಸಲ ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ವೈದ್ಯನು ಮೊದಲು ನಾಲಗೆಯನ್ನು ನೋಡುವಂತೆ, ಇಂಜಿನ್ನಿನ ನಿದಾನಕ್ಕೆ ಮೊದಲು ಪ್ಲಗ್ಗಿನ ತುದಿಯನ್ನು ನೋಡಬೇಕು. ತುದಿಯು ತಿಳಿಗಂದು ಬಣ್ಣದ್ದಾಗಿದ್ದರೆ ಆರೋಗ್ಯ. ಬಿಳುಪಾಗಿದ್ದರೆ ಪೆಟ್ರೋಲು ಸಾಲದು, ಇಲ್ಲವೆ ಶಾಖ ಮಿತಿಮೀರಿದೆ. ಎಣ್ಣೆಯ ಜಿಡ್ಡಿನಿಂದ ತೊಯ್ದು ಕಪ್ಪಾಗಿದ್ದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಇಂಜಿನ್ ಆಯಿಲ್ಲೇ ಸುಡುತ್ತಿದೆ. ಪಿಸ್ಟನ್ನಿನ ರಿಂಗು ಸವೆದಿರುವ ಶಂಕೆ ಆಗ ನ್ಯಾಯವಾದದ್ದು. ಒಣ ಕಾಡಿಗೆಯಂತಹ ಮಸಿ ಮೆತ್ತಿದ್ದರೆ ಗಾಳಿಗಿಂತ ಪೆಟ್ರೋಲೇ ಹೆಚ್ಚಾಗಿದೆ ಎಂದು ಮೊದಲು ಶಂಕಿಸಬೇಕು. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಗಾಳಿ ಕಡಿಮೆಯಾದಾಗ ಉಳಿದದ್ದು ಮಸಿಯಾಗುತ್ತದೆ. ಆ ಮಸಿಗೆ ವಿದ್ಯುತ್ತನ್ನು ಹರಿಸುವ ಗುಣವಿರುವುದರಿಂದ ಕಿಡಿಯು ಸಂದಿಯನ್ನು ಹಾರದೆ ಮಸಿಯ ಮೂಲಕವೇ ಸೋರಿಹೋಗುತ್ತದೆ. ಹೊಸ ಪ್ಲಗ್ಗು ಹಾಕಿದರೆ ನಾಲ್ಕು ದಿನ ನಡೆದು ಮತ್ತೆ ಅದೇ ಗತಿ.

ತರುಣನ ಪ್ಲಗ್ಗನ್ನು ತೆಗೆಸಿ ನೋಡಿದೆವು: ಒಣ ಮಸಿ. ನೀಲಿ ಹೊಗೆ ಉಂಟೇ ಎಂದು ಕೇಳಿದೆವು. "ಇಲ್ರಿ, ಕರೀ ಹೊಗಿ. ಪೆಟ್ರೋಲ್ ವಾಸನಿ" ಎಂದನು. ಮುಂಜಾನೆಯ ತಂಪಿನಲ್ಲಿ ಚೋಕ್ ಎಳೆಯದೆಯೇ ಚಾಲೂ ಆಗುತ್ತದೆ, ಬಿಸಿಯಾದ ಮೇಲೆ ತಡವರಿಸುತ್ತದೆ ಎಂದೂ ಹೇಳಿದನು. ಇಂಜಿನ್ ಬಿಚ್ಚಲು ಇವುಗಳಲ್ಲಿ ಒಂದೂ ಕಾರಣವಾಗಿರಲಿಲ್ಲ.

ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಬೇಕು. ಚೋಕ್ ಪೂರ್ಣ ಹಿಂದಕ್ಕೆ ಹೋಗುತ್ತಿತ್ತು. ಏರ್ ಫಿಲ್ಟರಿನ ಮುಚ್ಚಳ ತೆಗೆದರೆ ಎರೆಮಣ್ಣಿನ ಧೂಳೂ ತೊಗರಿಯ ಹೊಟ್ಟೂ ಒತ್ತಾಗಿ ತುಂಬಿದ್ದವು! ರಾಶಿಯ ಕಣದ ಮಗ್ಗುಲಲ್ಲಿ ದಿನವಿಡೀ ಬೈಕು ನಿಂತಿದ್ದರೆ, ಓಡಾಡಿದ್ದರೆ ಬೇರೆ ಏನಾದೀತು? ಸ್ಪಂಜಿನ ಫಿಲ್ಟರಾದ್ದರಿಂದ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಕೊಂಚ ಎಣ್ಣೆ ಸವರಿ ಹಿಂಡಿ ಹಾಕಿಸಿದೆವು. ಕಾಗದದ ಫಿಲ್ಟರನ್ನು ತೊಳೆಯಬಾರದು; ಹಾಳಾಗಿದ್ದರೆ ಬದಲಿಸಬೇಕು.

ಹೊಗೆ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಆಗ ಕಾರ್ಬುರೇಟರಿನ ಕೆಳಗಿನ ನಳಿಕೆಯಲ್ಲಿ ಪೆಟ್ರೋಲು ತೊಟ್ಟಿಕ್ಕುವುದು ಕಣ್ಣಿಗೆ ಬಿತ್ತು. ಒಳಗಿನ ಫ್ಲೋಟ್ ಮೇಲೇರಿದಾಗ ಅದರ ಸೂಜಿಯು ಪೆಟ್ರೋಲಿನ ದಾರಿಯನ್ನು ಮುಚ್ಚಬೇಕು. ಸೂಜಿಯ ಕೂಡುವ ಜಾಗದಲ್ಲಿ ಒಂದು ಕಸದ ಕಣ ಕುಳಿತರೂ ಮಟ್ಟ ಏರುತ್ತದೆ. ಮಿಸ್ತ್ರಿಯೊಬ್ಬನಿಂದ ಬಿಚ್ಚಿಸಿ ನೋಡಿದಾಗ ಕಂಡದ್ದು ಆ ಕಸವೇ. ಅದನ್ನು ಒರೆಸಿದ ಮೇಲೆ ತೊಟ್ಟಿಕ್ಕುವುದು ನಿಂತಿತು.

ಇಷ್ಟರಿಂದಲೂ ಗುಣವಾಗದಿದ್ದರೆ ದೋಷವು ಎಕ್ಸಲರೇಟರಿನ ಯಾವ ಹಂತದಲ್ಲಿ ಹೆಚ್ಚೆಂಬುದನ್ನು ನೋಡಬೇಕು. ನಿಂತಲ್ಲಿ ಓಡುವಾಗ ಹೆಚ್ಚಿದ್ದರೆ ನಿಧಾನ ಓಟದ ಸ್ಕ್ರೂ ಮತ್ತು ಜೆಟ್; ನಡುವೆ ಹೆಚ್ಚಿದ್ದರೆ ಜಾರುವ ಸೂಜಿ; ಪೂರ್ತಿ ತಿರುವಿದಾಗ ಹೆಚ್ಚಿದ್ದರೆ ಮೇನ್ ಜೆಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪ್ಲಗ್ಗನ್ನು ಮತ್ತೆ ನೋಡಬೇಕು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಕಾರ್ಬುರೇಟರು ಸರಿಯಿದ್ದೂ ಮಸಿ ಹಿಡಿದರೆ ಕಿಡಿಯ ಬಲ, ಪ್ಲಗ್ಗಿನ ಟೋಪಿ, ತಂತಿ ಇವನ್ನು ಪರೀಕ್ಷಿಸಬೇಕು. ಮನೆಯಿಂದ ಅಂಗಡಿಗಷ್ಟೇ ಓಡುವ ಬೈಕಿನಲ್ಲಿ ಪ್ಲಗ್ಗು ಮಸಿಯನ್ನು ತಾನೇ ಸುಡುವಷ್ಟು ಬಿಸಿಯಾಗದೆಯೂ ಹೀಗಾಗುತ್ತದೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ನಿಮ್ಮ ಮನೆಯಲ್ಲಿದ್ದರೆ ಈ ಲೆಕ್ಕ ತುಸು ಬೇರೆ. ಅವು ಟೂ-ಸ್ಟ್ರೋಕ್, ಆಯಿಲ್ಲು ಪೆಟ್ರೋಲಿನೊಡನೆಯೇ ಉರಿಯುವುದು. ಆಯಿಲ್ ಅಳತೆ ಮೀರಿದರೂ ಅಲ್ಲಿ ಪ್ಲಗ್ಗು ಜಿಡ್ಡಾಗುತ್ತದೆ.

ಒಂದು ಎಚ್ಚರಿಕೆ: ಪೆಟ್ರೋಲು ಹೆಚ್ಚಾದದ್ದನ್ನು ಹಾಗೆಯೇ ಬಿಟ್ಟರೆ ಅದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಆಯಿಲ್ಲನ್ನು ತೆಳುಮಾಡಿ, ಇಂಜಿನ್ನನ್ನು ನಿಜವಾಗಿಯೇ ಸವೆಸುತ್ತದೆ. ಆದ್ದರಿಂದ ತರುಣನಿಗೆ ಆಯಿಲ್ಲನ್ನು ಬದಲಿಸಲು ಹೇಳಿದೆವು. ಕಾರ್ಬುರೇಟರು ಬಿಚ್ಚುವಾಗ ಪೆಟ್ರೋಲ್ ಕಾಕ್ ಮುಚ್ಚಿರಲಿ. ಬೀಡಿ, ದೀಪ, ಒಲೆ ದೂರವಿರಲಿ. ಮಕ್ಕಳು ಹತ್ತಿರ ಬರದಿರಲಿ.

ಹದಿನೈದು ದಿನಗಳ ನಂತರ ಅವನು ಪ್ಲಗ್ಗನ್ನು ಕಿಸೆಯಲ್ಲಿಟ್ಟುಕೊಂಡೇ ಬಂದನು. ತುದಿ ತಿಳಿಗಂದಾಗಿತ್ತು. "ಫೀ ಕಟ್ಟೀನ್ರಿ ಅಜ್ಜಾರ" ಎಂದಷ್ಟೇ ಹೇಳಿದನು. ರಾಶಿಯ ಕಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರನ್ನು ನೋಡುತ್ತಿರು ತಮ್ಮಾ ಎಂದು ನಾವು ಹೇಳಿ ಕಳುಹಿಸಿದೆವು. ಓದುಗರಿಗೂ ನಮ್ಮ ಮಾತು ಅದೇ.