ನೆರಳು ಯಾರದು?

ಗೆಳೆಯರೇ, ಹೊಳಲು ಸೀಮೆಯ ಬಿಸಿಲು ಉಂಡವರಿಗೆ ಹಳೆಯ ಮರದ ಬೆಲೆ ಹೇಳಬೇಕಾಗಿಲ್ಲ. ಕೂಲಿಯವಳು ಬುತ್ತಿ ಬಿಚ್ಚುವುದು, ಕೂಸಿಗೆ ಜೋಳಿಗೆ ಕಟ್ಟುವುದು ದಾರಿಬದಿಯ ಬೇವು-ಹುಣಸೆಗೆ. ಹೊಲ ಇದ್ದವನಿಗೆ ಬದುವಿನ ಮ್ಯಾಲೆ ಸ್ವಂತ ಮರ ಐತಿ. ಇಲ್ಲದವನಿಗೆ ಇದೊಂದೇ.

ಪರಿಸರದ ಮಾತಾಡುವ ದೊಡ್ಡವರೇ, ನೀವೂ ಕೇಳ್ರಿ. ಅರಳಿಕಟ್ಟೆ ನಮ್ಮ ಸಂಸ್ಕೃತಿ ಅಂತೀರಿ. ಕಟ್ಟೆ ಮ್ಯಾಲೆ ಕುಂತು ನ್ಯಾಯ ಹೇಳಿದವರು ಯಾರು? ಚಪ್ಪಲಿ ಕಳಚಿ ಬಿಸಿಲಾಗ ಕೈಕಟ್ಟಿ ನಿಂತವರು ಯಾರು? ಮರ ಜಾತಿ ಕೇಳಲಿಲ್ಲ, ಕಟ್ಟೆ ಕೇಳಿತು.

ಹಾಗಂತ ಮರಕ್ಕೆ ಕೊಡಲಿ ಹಾಕೋಣವೇ? ರಸ್ತೆ ಅಗಲವಾದರೆ ಕಾರಿನವನು ಬೇಗ ಮುಟ್ಟುತ್ತಾನೆ, ಮರ ಗುತ್ತಿಗೆದಾರನ ಲಾರಿ ಹತ್ತುತ್ತದೆ. ನಡೆಯುವವನಿಗೆ ಕಾದ ಡಾಂಬರು. ಒಂದಕ್ಕೆ ಹತ್ತು ಸಸಿ ನೆಡತೀವಿ ಅಂತಾರ. ಸಸಿಯ ಬುಡದಾಗ ಯಾರ ಕೂಸು ಮಲಗುತ್ತದೆ?

ಯಾವ ಮರ ಬೇಕೆಂದು ಜನಕ್ಕೆ ಗೊತ್ತು. 1987ರ ನವೆಂಬರ್ 14ರಂದು ಹೊಳೆಯಾಚೆಯ ಕುಸನೂರಿನಲ್ಲಿ, ಕಾರ್ಖಾನೆಗಾಗಿ ಊರ ಸಾಮೂಹಿಕ ನೆಲದಲ್ಲಿ ಬೆಳೆಸಿದ್ದ ನೀಲಗಿರಿ ಕಿತ್ತು, ತಮಗೆ ಉಪಯೋಗದ ಸಸಿ ನೆಟ್ಟರು. 2019ರಲ್ಲಿ ರಸ್ತೆ ಅಗಲೀಕರಣ ಹುಲಿಕಲ್-ಕುದೂರು ದಾರಿಯ ಆಲಗಳ ಮೇಲೆ ಬಂತು. ಅವನ್ನು ಬೆಳೆಸಿದ ಕೂಲಿಕಾರ್ತಿ ಸಾಲುಮರದ ತಿಮ್ಮಕ್ಕ ತಡೆದು ಕೇಳಿದಳು. ಸರ್ಕಾರ ಬೇರೆ ದಾರಿ ನೋಡಲು ಒಪ್ಪಿತು. ಅಂದಮೇಲೆ ರಸ್ತೆ ಬಾಗುತ್ತದೆ! ಹೆಸರಿಲ್ಲದವರ ಮರಕ್ಕೆ ಯಾಕೆ ಬಾಗೋದಿಲ್ಲ?

1976ರ ಮರ ಸಂರಕ್ಷಣಾ ಕಾಯ್ದೆ ಅಧಿಕಾರಿಯ ಅನುಮತಿ ಕೇಳುತ್ತದೆ. ನಾವು ಕೇಳುವುದು ಇಷ್ಟೇ: ಕೊಡಲಿ ಎತ್ತುವ ಮೊದಲು ಗ್ರಾಮಸಭೆ ಕೇರಿಯೊಳಗೆ ಕೂಡಲಿ, ನೆರಳಿಗೆ ಕೂರುವವಳು ಮೊದಲು ಮಾತಾಡಲಿ.

ಮರ ಉಳಿಸೋಣ. ಕಟ್ಟೆ ಹತ್ತೋಣ.